ಸೂಪಾಕ್ಕೆ ನೀರುಣಿಸುವ ಕಾಡು

ಜೂನ್ ತಿಂಗಳ ಮೊದಲ ವಾರದಲ್ಲಿ ಗಣೇಶಗುಡಿಗೆ ಹೋದವರಿಗೆ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಸೂಪಾ ಅಣೆಕಟ್ಟಿನ ಹಿಂದೆ, ನೀರಿನ ಅಂಚಿಗೂ ಹಸುರು ಕಾಡಿನ ಅಂಚಿಗೂ ನಡುವೆ, ಕೆಂಪು ಮಣ್ಣಿನ ಅಗಲವಾದ ಪಟ್ಟಿಯೊಂದು ಬೆಟ್ಟಗಳ ಕಾಲಿಗೆ ಕಟ್ಟಿದ ಅಂಚಿನಂತೆ ಹರಡಿಕೊಂಡಿರುತ್ತದೆ. ಕಳೆದ ವರ್ಷದ ನೀರು ಎಲ್ಲಿಯವರೆಗೆ ನಿಂತಿತ್ತು, ಬೇಸಗೆಯುದ್ದಕ್ಕೂ ನಾಡಿನ ದೀಪಗಳನ್ನು ಉರಿಸಿ ಎಲ್ಲಿಗೆ ಇಳಿಯಿತು ಎಂಬುದನ್ನು ಆ ಪಟ್ಟಿಯೇ ಹೇಳುವುದು.

ಅಷ್ಟರಲ್ಲಿ ಮೃಗಶಿರಾ ಮಳೆ ಹಿಡಿಯುತ್ತದೆ. ಕ್ಯಾಸಲ್‌ರಾಕಿನ ಕಡೆಯ ಬೆಟ್ಟಗಳು ಮೋಡದಲ್ಲಿ ಮುಚ್ಚಿಹೋಗುತ್ತವೆ. ಎರಡು ದಿನ, ಮೂರು ದಿನ, ನಾಲ್ಕು ದಿನ ಮಳೆ ಬಿಡದೆ ಸುರಿಯುತ್ತದೆ. ಈಗ ಜಲಾಶಯ ಉಕ್ಕೇರುವುದೆಂದು ಹೊಸಬನು ಕಾದು ನಿಲ್ಲುತ್ತಾನೆ. ಆದರೆ ನೀರಿನ ಮಟ್ಟ ಅಲುಗಾಡಿದಂತೆಯೇ ಕಾಣುವುದಿಲ್ಲ. ಇಷ್ಟು ಮಳೆ ಎಲ್ಲಿ ಹೋಯಿತೆಂದು ಆತ ಊರಿನವರನ್ನು ಕೇಳಿದರೆ, ಅವರಿಗೆ ಆಶ್ಚರ್ಯವೇನೂ ಇಲ್ಲ. ಭೂಮಿಯ ನೀರಡಿಕೆ ಇನ್ನೂ ಹಿಂಗಿಲ್ಲ. ಮೊದಲು ಕಾಡು ಕುಡಿಯಬೇಕು, ಆಮೇಲೆ ಹೊಳೆಗೆ ಬಿಡಬೇಕು ಎಂದು ಅವರು ಬಲ್ಲರು.

ಈ ಸಾಮಾನ್ಯ ಮಾತಿನಲ್ಲಿ ಒಂದು ದೊಡ್ಡ ಸತ್ಯವಿದೆ. ನಗರದಲ್ಲಿ ಕುಳಿತವರಿಗೆ ಜಲಾಶಯವೆಂದರೆ ಅಣೆಕಟ್ಟು. ಅಣೆಕಟ್ಟೆಂದರೆ ಕಾಂಕ್ರೀಟಿನ ಗೋಡೆ. ಗೋಡೆಯು ನೀರನ್ನು ತಡೆಯಬಲ್ಲುದೇ ಹೊರತು ತರಲಾರದು. ನೀರನ್ನು ತರುವುದು, ತಡವಾಗಿ ತರುವುದು, ತಿಳಿಯಾಗಿ ತರುವುದು ಗೋಡೆಯ ಮೇಲಣ ನಾಡಿನ ಕೆಲಸ. ಆ ನಾಡನ್ನು ಜಲಾನಯನ ಪ್ರದೇಶವೆಂದು ಕರೆಯುವರು. ಅದು ಕೆಟ್ಟರೆ ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಹುಟ್ಟಿದ ಜಿಲ್ಲೆಯನ್ನು ಬಿಡದ ಹೊಳೆ

ಕಾಳಿ ನದಿಯದು ವಿಲಕ್ಷಣವಾದ ದಾರಿ. ಗೋವೆಯ ಗಡಿಗೆ ಹತ್ತಿರದಲ್ಲಿ, ಜೋಯಿಡಾ ತಾಲೂಕಿನ ಡಿಗ್ಗಿ ಎಂಬಲ್ಲಿ ಅದು ಹುಟ್ಟುತ್ತದೆ. ಅರಬ್ಬೀ ಸಮುದ್ರ ಅಲ್ಲಿಂದ ಬಹಳ ದೂರವೇನಲ್ಲ. ಆದರೂ ಹೊಳೆಯು ಸಮುದ್ರಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಡುತ್ತದೆ. ಉತ್ತರದಿಂದ ಬರುವ ಪಾಂಢರಿ ಹೊಳೆಯನ್ನು ಸೂಪಾದಲ್ಲಿ ಕೂಡಿಕೊಂಡು, ದಾಂಡೇಲಿಯನ್ನು ಮುಟ್ಟಿ, ಅಲ್ಲಿಂದ ಮರೆತದ್ದು ನೆನಪಾದಂತೆ ದಕ್ಷಿಣಕ್ಕೆ ಹೊರಳಿ, ಘಟ್ಟವನ್ನು ಸೀಳಿ ಇಳಿದು, ಕೊನೆಗೆ ಕಾರವಾರದ ಬಳಿ ಸದಾಶಿವಗಡದ ಪಕ್ಕದಲ್ಲಿ ಸಮುದ್ರವನ್ನು ಸೇರುತ್ತದೆ. ಸುಮಾರು ೧೮೪ ಕಿಲೋಮೀಟರ್ ಉದ್ದದ ಈ ನದಿಯು ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಹುಟ್ಟಿ, ಆ ಜಿಲ್ಲೆಯಲ್ಲಿಯೇ ಮುಗಿಯುತ್ತದೆ. ಬೇರೆ ರಾಜ್ಯದೊಡನೆ ಹಂಚಿಕೆಯ ಜಗಳವಿಲ್ಲದ ಹೊಳೆ ಇದು. ಇದರ ಒಳಿತು ಕೆಡುಕುಗಳೆರಡಕ್ಕೂ ಹೊಣೆ ನಾವೇ.

ಪಾಂಢರಿಯೂ ಕಾಳಿಯೂ ಕೂಡುತ್ತಿದ್ದ ಜಾಗದಲ್ಲಿ ಸೂಪಾ ಎಂಬ ಊರಿತ್ತು. ತಾಲೂಕಿಗೂ ಅದರದೇ ಹೆಸರು. ಕಾಳಿಯ ಜಲವಿದ್ಯುತ್ತಿಗಾಗಿ ಗಣೇಶಗುಡಿಯಲ್ಲಿ ೧೦೧ ಮೀಟರ್ ಎತ್ತರದ ಅಣೆಕಟ್ಟು ೧೯೮೭ರಲ್ಲಿ ಪೂರ್ಣಗೊಂಡಿತು. ಊರು ನೀರಿನೊಳಗೆ ಹೋಯಿತು. ಅಲ್ಲಿದ್ದವರು ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಿದರು. ತಾಲೂಕಿನ ಹೆಸರು ಜೋಯಿಡಾ ಎಂದಾಯಿತು. ಸೂಪಾ ಎಂಬ ಹೆಸರು ಉಳಿದದ್ದು, ಆ ಊರನ್ನು ನುಂಗಿದ ನೀರಿಗೆ ಮಾತ್ರ.

ನಾಲ್ಕು ಸಲ ದುಡಿಯುವ ಹನಿ

ಸೂಪಾ ಜಲಾಶಯದಲ್ಲಿ ಸುಮಾರು ೧೪೫ ಟಿ.ಎಂ.ಸಿ. ನೀರು ಹಿಡಿಯುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಮೈಸೂರಿನವರಿಗೆ ಚಿರಪರಿಚಿತವಾದ ಕೃಷ್ಣರಾಜಸಾಗರದಲ್ಲಿ ತುಂಬುವುದು ೪೯ ಟಿ.ಎಂ.ಸಿ.ಯಷ್ಟು. ಸೂಪಾ ಅದರ ಮೂರರಷ್ಟು ದೊಡ್ಡದೆಂದರೆ ಅದರ ಗಾತ್ರದ ಅಂದಾಜು ದೊರೆತೀತು.

ಇಲ್ಲಿಂದ ಬಿಟ್ಟ ನೀರು ಒಮ್ಮೆ ದುಡಿದು ಸುಮ್ಮನಾಗುವುದಿಲ್ಲ. ಮೊದಲು ಅಣೆಕಟ್ಟಿನ ಬುಡದಲ್ಲಿಯೇ ೧೦೦ ಮೆಗಾವ್ಯಾಟಿನ ಯಂತ್ರಗಳನ್ನು ತಿರುಗಿಸುತ್ತದೆ. ಬಳಿಕ ದಾಂಡೇಲಿಯನ್ನು ದಾಟಿ ಬೊಮ್ಮನಹಳ್ಳಿಯ ಅಣೆಕಟ್ಟಿಗೆ ಬಂದು, ಸುರಂಗದೊಳಗೆ ಹೊಕ್ಕು, ಘಟ್ಟದ ಇಳಿಜಾರಿನಲ್ಲಿ ಧುಮುಕಿ ನಾಗಝರಿಯ ವಿದ್ಯುದಾಗಾರವನ್ನು ನಡೆಸುತ್ತದೆ. ಅದರ ಸಾಮರ್ಥ್ಯ ಸುಮಾರು ೯೦೦ ಮೆಗಾವ್ಯಾಟ್. ಆಮೇಲೆ ಕೊಡಸಳ್ಳಿಯಲ್ಲಿ ೧೨೦, ಕದ್ರಾದಲ್ಲಿ ೧೫೦. ಅಷ್ಟಾದ ಮೇಲೂ ಅದಕ್ಕೆ ಬಿಡುವಿಲ್ಲ. ಕದ್ರಾದ ಹಿನ್ನೀರು ಕೈಗಾದ ಅಣುವಿದ್ಯುತ್ ಸ್ಥಾವರದ ಕಾವನ್ನು ಆರಿಸಬೇಕು. ಬೆಂಗಳೂರಿನ ಅಡುಗೆಮನೆಯಲ್ಲಿ ಮಿಕ್ಸರು ತಿರುಗುವಾಗ, ಹುಬ್ಬಳ್ಳಿಯ ಹುಡುಗ ರಾತ್ರಿ ಓದಲು ದೀಪ ಹಚ್ಚುವಾಗ, ಜೋಯಿಡಾದ ಕಾಡಿನಲ್ಲಿ ಬಿದ್ದ ಯಾವುದೋ ಹನಿಯ ದುಡಿಮೆ ಅದರಲ್ಲಿ ಸೇರಿದ್ದರೂ ಸೇರಿರಬಹುದು.

ಇಷ್ಟು ದೊಡ್ಡ ಪಾತ್ರೆಯನ್ನು ತುಂಬಿಸುವ ನಾಡು ಎಷ್ಟು ದೊಡ್ಡದು? ಇಲ್ಲಿಯೇ ಸೋಜಿಗವಿರುವುದು. ಸೂಪಾದ ಜಲಾನಯನ ಸುಮಾರು ೧,೦೫೦ ಚದರ ಕಿಲೋಮೀಟರ್ ಮಾತ್ರ. ತುಂಗಭದ್ರಾ ಜಲಾಶಯಕ್ಕಾದರೋ ಸುಮಾರು ೨೮,೦೦೦ ಚದರ ಕಿಲೋಮೀಟರ್ ನಾಡಿನ ನೀರು ಹರಿದುಬರುತ್ತದೆ. ಆದರೂ ಕಟ್ಟಿದಾಗ ಅದರಲ್ಲಿ ಹಿಡಿಯುತ್ತಿದ್ದ ನೀರು ಸೂಪಾಕ್ಕಿಂತ ಕಡಮೆ. ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಸೂಪಾದ ಜಲಾನಯನದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ೧೦೫ ಕೋಟಿ ಲೀಟರ್ ನೀರು. ತುಂಬಿದ ಜಲಾಶಯದ ನೀರನ್ನೆಲ್ಲ ಆ ಇಡೀ ನಾಡಿನ ಮೇಲೆ ಸಮನಾಗಿ ಹರಡಿದರೆ ನಾಲ್ಕು ಮೀಟರಿಗೆ ಹತ್ತಿರ ಆಳವಾದೀತು. ಎರಡಾಳು ಮುಳುಗುವ ನೀರು! ಬರಿದಾದ ಜಲಾಶಯವು ಒಂದೇ ವರ್ಷದಲ್ಲಿ ತುಂಬಬೇಕಾದರೆ ಅಷ್ಟೂ ನೀರು ಸೋರದೆ, ಆವಿಯಾಗದೆ, ಹೊಳೆಗೆ ಇಳಿಯಬೇಕು. ಅಂಥದು ನಡೆಯುವುದಿಲ್ಲ. ಆದುದರಿಂದಲೇ ಸೂಪಾ ಭರ್ತಿಯಾದ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ವರ್ಷಕ್ಕೊಮ್ಮೆ ಬರುವುದು.

ಇದು ಸಂಸಾರಸ್ಥರ ಉಳಿತಾಯದ ಪೆಟ್ಟಿಗೆಯಂತೆ. ಒಳ್ಳೆಯ ವರ್ಷದಲ್ಲಿ ಮಿಕ್ಕಿದ್ದನ್ನು ಕೆಟ್ಟ ವರ್ಷಕ್ಕೆಂದು ಇಡುವುದೇ ಇದರ ಉದ್ದೇಶ. ಅಂಥ ಪೆಟ್ಟಿಗೆಗೆ ಪ್ರತಿ ವರ್ಷ ಬರುವ ವರಮಾನ ಎಷ್ಟು ಮುಖ್ಯವೋ, ಪೆಟ್ಟಿಗೆಯೊಳಗೆ ಕಸ ತುಂಬದಿರುವುದೂ ಅಷ್ಟೇ ಮುಖ್ಯ.

ಮರದ ಬುಡದಲ್ಲಿ ಏನು ನಡೆಯುತ್ತದೆ?

ಕ್ಯಾಸಲ್‌ರಾಕಿನಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹಕ್ಕಿ ಹಾರುವ ದಾರಿಯಲ್ಲಿ ಅಲ್ಲಿಂದ ಐವತ್ತು ಕಿಲೋಮೀಟರಿಗೂ ಕಡಮೆ ದೂರದಲ್ಲಿರುವ ಹಳಿಯಾಳದಲ್ಲಿ ಅದರ ಕಾಲು ಭಾಗದಷ್ಟೂ ಬೀಳುವುದು ಕಷ್ಟ. ಘಟ್ಟದ ಅಂಚಿನಲ್ಲಿ ಮೋಡವು ಕೊಡವನ್ನೇ ಬೋರಲು ಹಾಕುತ್ತದೆ. ಒಳನಾಡಿಗೆ ಹೋದಂತೆ ಚಿಮುಕಿಸುತ್ತದೆ. ಸೂಪಾದ ಜಲಾನಯನವಿರುವುದು ಕೊಡ ಬೋರಲಾಗುವ ಅಂಚಿನಲ್ಲಿ. ಅಲ್ಲಿಯ ಮಳೆಯ ಬಹುಭಾಗವು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ.

ಅಂಥ ಮಳೆ ಬೋಳು ನೆಲದ ಮೇಲೆ ಬಿದ್ದರೆ ಆಗುವುದೇನೆಂದು ಯಾವ ಬಯಲಿನಲ್ಲಿಯೂ ನೋಡಬಹುದು. ಹನಿಯ ಪೆಟ್ಟಿಗೆ ಮಣ್ಣಿನ ಕಣಗಳು ಎದ್ದು, ಸಣ್ಣ ರಂಧ್ರಗಳು ಮುಚ್ಚಿ, ನೆಲವು ಗಾರೆ ಬಳಿದಂತಾಗುತ್ತದೆ. ನೀರು ಒಳಗೆ ಇಳಿಯಲಾರದೆ ಮೇಲೆಯೇ ಓಡುತ್ತದೆ; ಓಡುವಾಗ ಮಣ್ಣನ್ನೂ ಸಂಗಡ ಒಯ್ಯುತ್ತದೆ.

ಕಾಡಿನಲ್ಲಿ ಹೀಗಾಗುವುದಿಲ್ಲ. ಎಲೆಗಳು ಮಳೆಯ ರಭಸವನ್ನು ಮೇಲೆಯೇ ಮುರಿಯುತ್ತವೆ. ಎತ್ತರದ ಮರದಿಂದ ಕುರುಚಲಿಗೆ, ಕುರುಚಲಿನಿಂದ ನೆಲಕ್ಕೆ ನೀರು ಮೆಟ್ಟಿಲಿಳಿದು ಬರುತ್ತದೆ. ನೆಲದ ಮೇಲೆ ಉದುರಿದ ತರಗೆಲೆಯ ಹಾಸಿಗೆಯಿದೆ. ಉತ್ತರ ಕನ್ನಡದವರು ಇದನ್ನು ದರಕು ಎನ್ನುವರು. ದರಕಿನ ಕೆಳಗೆ ಎರೆಹುಳುಗಳೂ ಗೆದ್ದಲುಗಳೂ ಕೊರೆದ ಬಿಲಗಳು, ಸತ್ತ ಬೇರು ಕೊಳೆತು ಉಳಿದ ಕೊಳವೆಗಳು ನೂರಾರು. ನೀರು ಈ ದಾರಿಗಳಲ್ಲಿ ಸದ್ದಿಲ್ಲದೆ ಒಳಗಿಳಿಯುತ್ತದೆ. ಮೊದಲು ಬೇಸಗೆಯಲ್ಲಿ ಒಣಗಿದ ಮಣ್ಣು ತನ್ನ ಪಾಲನ್ನು ಹೀರಿಕೊಳ್ಳುತ್ತದೆ. ಜೂನ್ ಮೊದಲ ವಾರದ ಮಳೆ ಜಲಾಶಯವನ್ನು ಮುಟ್ಟದಿರಲು ಇದೇ ಕಾರಣ. ಮಣ್ಣಿನ ದಾಹ ತೀರಿದ ಮೇಲೆ ಮಿಕ್ಕ ನೀರು ಇನ್ನೂ ಕೆಳಗಿಳಿದು, ಜಂಬುಮಣ್ಣಿನ ಪದರಗಳಲ್ಲಿಯೂ ಕಲ್ಲಿನ ಬಿರುಕುಗಳಲ್ಲಿಯೂ ಕೂಡಿಕೊಂಡು, ತಗ್ಗಿನಲ್ಲಿ ಎಲ್ಲಾದರೂ ಒರತೆಯಾಗಿ ಹೊರಬೀಳುತ್ತದೆ.

ಬೆಟ್ಟದ ತಲೆಯಲ್ಲಿ ಹೊಕ್ಕ ಹನಿ ಬುಡದಲ್ಲಿ ಹೊರಬರಲು ವಾರಗಳು, ತಿಂಗಳುಗಳು ಹಿಡಿಯಬಹುದು. ಈ ವಿಳಂಬವೇ ಕಾಡಿನ ದೊಡ್ಡ ಉಪಕಾರ. ಮಾಘಮಾಸದಲ್ಲಿ ಧಾರವಾಡ, ಬೆಳಗಾವಿಗಳ ಕಡೆಯ ರೈತರು ಬಂಡಿ ಕಟ್ಟಿಕೊಂಡು ಜೋಯಿಡಾ ತಾಲೂಕಿನ ಉಳವಿಗೆ, ಚೆನ್ನಬಸವಣ್ಣನವರ ಜಾತ್ರೆಗೆ ಹೊರಡುವ ರೂಢಿಯುಂಟು. ಆ ಹೊತ್ತಿಗೆ ಮಳೆ ನಿಂತು ನಾಲ್ಕು ತಿಂಗಳಾಗಿರುತ್ತದೆ. ಅವರ ಊರುಗಳ ಹಳ್ಳಗಳು ಆಗಲೇ ಒಣಗಿ ಮರಳು ಕಾಣುತ್ತಿರುತ್ತವೆ. ಕಾಡಿನ ದಾರಿಯ ಹಳ್ಳಗಳಲ್ಲಿಯಾದರೋ ಎತ್ತುಗಳು ಇನ್ನೂ ನೀರಿಗೆ ಬಾಯಿಡುತ್ತವೆ. ಆ ನೀರು ಆ ದಿನದ್ದಲ್ಲ. ಜುಲೈ ತಿಂಗಳಲ್ಲಿ ಬಿದ್ದದ್ದು. ಅಣೆಕಟ್ಟು ಕಟ್ಟುವ ಮೊದಲೇ ಆ ಬೆಟ್ಟಗಳಲ್ಲಿ ಇನ್ನೊಂದು ಅಣೆಕಟ್ಟಿತ್ತು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ.

ಮರವೂ ನೀರು ಕುಡಿಯುವುದು

ಇಷ್ಟು ಹೇಳಿದ ಮಾತ್ರಕ್ಕೆ ಕಾಡು ನೀರನ್ನು ಸೃಷ್ಟಿಸುತ್ತದೆ ಎಂದು ತಿಳಿಯಬಾರದು. ಮರ ನೆಟ್ಟರೆ ಹೊಳೆ ತುಂಬುವುದೆಂಬ ಮಾತು ಭಾಷಣಗಳಲ್ಲಿ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಮರವೂ ನೀರು ಕುಡಿಯುತ್ತದೆ, ಎಲೆಗಳಿಂದ ಆವಿ ಬಿಡುತ್ತದೆ. ಕಾಡನ್ನು ಕಡಿದ ಮೊದಲ ಕೆಲವು ವರ್ಷ ಹೊಳೆಯಲ್ಲಿ ನೀರು ಹೆಚ್ಚಾದ ಉದಾಹರಣೆಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಹಾಗಾದರೆ ಕಾಡಿನಿಂದ ಜಲಾಶಯಕ್ಕೆ ಲಾಭವೋ ನಷ್ಟವೋ?

ಈ ಪ್ರಶ್ನೆಯನ್ನು ಹಿಡಿದು ವಿಜ್ಞಾನಿಗಳು ಉತ್ತರ ಕನ್ನಡದಲ್ಲಿಯೇ ಅಳತೆ ಮಾಡಿರುವರು. ಸಹಜವಾದ ಕಾಡು, ಸೊಪ್ಪು ಸೌದೆಗಳಿಗಾಗಿ ಸವೆದುಹೋದ ಬೋಳು ಗುಡ್ಡ, ಅಕೇಶಿಯಾ ನೆಡುತೋಪು ಇವುಗಳಿಂದ ಹರಿಯುವ ಸಣ್ಣ ಹಳ್ಳಗಳಲ್ಲಿ ಮಳೆಯನ್ನೂ ಹರಿವನ್ನೂ ಅಳೆದು ಹೋಲಿಸಿ, ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಂಡುಬಂದುದು ಇಷ್ಟು: ಕಾಡು ಕುಡಿಯುವುದು ನಿಜ, ಆದರೆ ಅದು ನೆಲದೊಳಗೆ ಇಳಿಸುವುದು ಅದಕ್ಕಿಂತ ಮಿಗಿಲು. ಆದುದರಿಂದ ಸವೆದ ಗುಡ್ಡದ ಹಳ್ಳವು ಮಳೆ ಬಂದೊಡನೆ ಅಬ್ಬರಿಸಿ ಬೇಗನೆ ಸೊರಗುವುದು. ಕಾಡಿನ ಹಳ್ಳವು ನಿಧಾನವಾಗಿ ಏರಿ ಬಹುಕಾಲ ಹರಿಯುವುದು. ತೋಪು ಬೆಳೆಸಿದಲ್ಲಿ ನೆಲ ಸುಧಾರಿಸುತ್ತದೆ. ಆದರೆ ಸಹಜ ಕಾಡಿನ ಮಟ್ಟಕ್ಕೆ ಬರಲು ಹಲವು ವರ್ಷಗಳು ಸಾಲವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಜಿಲ್ಲೆಯ ಹಳ್ಳಗಳನ್ನು ಪರಿಶೀಲಿಸಿದಾಗಲೂ, ನಾಡಮರಗಳ ಕಾಡು ಹೆಚ್ಚಾಗಿರುವ ಕಡೆ ಹಳ್ಳಗಳು ವರ್ಷವಿಡೀ ಹರಿಯುವುದನ್ನೂ, ಒಂದೇ ಜಾತಿಯ ನೆಡುತೋಪುಗಳಿರುವ ಕಡೆ ಕೆಲವೇ ತಿಂಗಳು ಹರಿದು ನಿಲ್ಲುವುದನ್ನೂ ಕಂಡರು.

ಒಟ್ಟಿನಲ್ಲಿ ಕಾಡು ಕೊಡುವುದು ಹೆಚ್ಚು ನೀರನ್ನಲ್ಲ, ಹದವಾದ ನೀರನ್ನು. ಮಳೆಗಾಲದಲ್ಲಿ ಬಂದದ್ದನ್ನೆಲ್ಲ ಮಳೆಗಾಲದಲ್ಲಿಯೇ ಚೆಲ್ಲದೆ ಅದು ಕಾದಿರಿಸುತ್ತದೆ. ಜಾಣೆಯಾದ ಗೃಹಿಣಿ ತಿಂಗಳ ಸಂಬಳವನ್ನು ಮೊದಲ ವಾರದಲ್ಲಿಯೇ ಖರ್ಚು ಮಾಡುವಳೇ?

ಹೂಳೆಂಬ ಕಳ್ಳ

ನೀರು ತಡವಾಗಿ ಬರುವುದಕ್ಕಿಂತಲೂ ತಿಳಿಯಾಗಿ ಬರುವುದು ಜಲಾಶಯದ ಆಯುಸ್ಸಿಗೆ ಹೆಚ್ಚು ಮುಖ್ಯ. ಮಳೆ ಒಂದು ವರ್ಷ ಕೈಕೊಟ್ಟರೆ ಮರುವರ್ಷ ತುಂಬಿಕೊಟ್ಟೀತು. ಹೂಳು ಕೂತ ಜಾಗವಾದರೋ ಬಹುಮಟ್ಟಿಗೆ ಹೋದಂತೆಯೇ ಸರಿ. ಇಷ್ಟು ದೊಡ್ಡ ಕೆರೆಯನ್ನು ಗುದ್ದಲಿ ಹಿಡಿದು ತೋಡಿಸುವವರು ಯಾರು? ತೋಡಿದ ಮಣ್ಣನ್ನು ಹಾಕುವುದಾದರೂ ಎಲ್ಲಿ?

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹೊಸಪೇಟೆಯ ತುಂಗಭದ್ರಾ ಜಲಾಶಯವು ೧೯೫೩ರಲ್ಲಿ ಸಿದ್ಧವಾದಾಗ ಅದರಲ್ಲಿ ೧೩೩ ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ೨೦೧೬ರ ಅಳತೆಯಂತೆ ಅದು ೧೦೫ ಟಿ.ಎಂ.ಸಿ.ಯ ಆಸುಪಾಸಿಗೆ ಇಳಿದಿದೆ. ಅರುವತ್ತು ಮೂರು ವರ್ಷಗಳಲ್ಲಿ ೨೮ ಟಿ.ಎಂ.ಸಿ.ಯ ಜಾಗವನ್ನು ಮಣ್ಣು ಆಕ್ರಮಿಸಿತು. ಕೃಷ್ಣರಾಜಸಾಗರದ ಅರ್ಧಕ್ಕೂ ಮಿಕ್ಕ ಜಲಾಶಯವೊಂದು ಯಾರ ಕಣ್ಣಿಗೂ ಬೀಳದೆ ಕಳವಾಯಿತೆಂದಂತೆ! ಬೋಳಾದ ಗುಡ್ಡಗಳು, ಬದುವಿಲ್ಲದ ಹೊಲಗಳು, ಗಣಿಗಳು ಎಲ್ಲವೂ ಈ ಕಳವಿನಲ್ಲಿ ಪಾಲುಗಾರರು. ಪ್ರತಿ ವರ್ಷ ನೀರಿಗಾಗಿ ಕಾಯುವ ಕಾಲುವೆಯ ಕೊನೆಯ ರೈತ ಈ ನಷ್ಟವನ್ನು ತೆರುತ್ತಾನೆ.

ಸೂಪಾ ಈ ಗತಿಯಿಂದ ದೂರ ಉಳಿದಿರುವುದಕ್ಕೆ ಕಾರಣ ಅದರ ಮೇಲಣ ಕಾಡು. ಆ ಕಾಡಿನ ಇತಿಹಾಸವೂ ಸುಗಮವಾದುದಲ್ಲ. ದಾಂಡೇಲಿಯ ತೇಗದ ಹೆಸರು ಬ್ರಿಟಿಷರ ಕಾಲದಲ್ಲಿಯೇ ದೂರದೂರಕ್ಕೆ ಹಬ್ಬಿತ್ತು. ಬೆಟ್ಟದಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದ ಬಡವರನ್ನು ಕಾಡಿನ ಶತ್ರುಗಳೆಂದು ದೂರಿ ತಡೆದ ಸರಕಾರವೇ ದೊಡ್ಡ ಮರಗಳನ್ನು ಕಡಿದು ಸಾಗಿಸಿತು. ಸ್ವಾತಂತ್ರ್ಯಾನಂತರ ೧೯೫೦ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದಿತು. ಬಿದಿರು ಲಾರಿಗಟ್ಟಲೆ ಇಳಿಯಿತು. ಜೋಯಿಡಾದ ಬೆಟ್ಟಗಳಲ್ಲಿ ಮ್ಯಾಂಗನೀಸ್ ಗಣಿಗಳು ತೆರೆದವು. ಕೊನೆಗೆ ಜಲಾಶಯವೇ ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಮುಳುಗಿಸಿತು. ತನ್ನನ್ನು ಸಾಕುವ ಕಾಡಿನ ಒಂದು ಭಾಗವನ್ನು ಜಲಾಶಯ ತಾನೇ ತಿಂದಿತು ಎನ್ನಬೇಕು.

ಉಳಿದುದು ಹೇಗೆ ಉಳಿಯಿತು? ೧೯೫೬ರಲ್ಲಿ ದಾಂಡೇಲಿ ವನ್ಯಧಾಮವು ಘೋಷಿತವಾಗಿತ್ತು. ೧೯೮೭ರಲ್ಲಿ, ಅಣೆಕಟ್ಟು ಮುಗಿದ ವರ್ಷವೇ, ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. ೨೦೦೭ರಲ್ಲಿ ಎರಡೂ ಸೇರಿ ಹುಲಿಯ ರಕ್ಷಿತಾರಣ್ಯವಾದವು. ೨೦೧೫ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೊಳೆಯ ಹೆಸರನ್ನೇ ಇಟ್ಟರು. ಆ ಹೆಸರು ಸಾರ್ಥಕವಾದುದು. ಹುಲಿಗೆಂದು ಕಾದಿಟ್ಟ ಕಾಡಿನಲ್ಲಿ ಕೊಡಲಿ ಬೀಳದು; ಕೊಡಲಿ ಬೀಳದ ಬೆಟ್ಟದಿಂದ ಮಣ್ಣು ಇಳಿಯದು. ಹಣ್ಣು ತಿಂದು ಬೀಜವನ್ನು ದೂರ ದೂರ ಉದುರಿಸುವ ಮಂಗಟ್ಟೆ ಹಕ್ಕಿ ಸಂಬಳವಿಲ್ಲದ ತೋಟಗಾರ. ಹುಲಿಯನ್ನು ನೋಡಲು ಬಂದು ಕಾಣದೆ ಹಿಂತಿರುಗುವ ಪ್ರವಾಸಿಗಳು, ತಮ್ಮ ಮನೆಯ ದೀಪಕ್ಕೂ ಆ ಹುಲಿಗೂ ನಂಟಿದೆಯೆಂದು ನೆನೆದರೆ ಪ್ರಯಾಣ ವ್ಯರ್ಥವಾಗದು.

ಎರಡು ಸಮುದ್ರಗಳ ನಡುವೆ

ಜೋಯಿಡಾದಿಂದ ಪೂರ್ವಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಹಳಿಯಾಳದಲ್ಲಿ ಕಾಡು ತೆಳುವಾಗಿ, ಭತ್ತ, ಕಬ್ಬು, ಹತ್ತಿಯ ಹೊಲಗಳು ತೆರೆದುಕೊಳ್ಳುತ್ತವೆ. ಇಲ್ಲಿಯ ತಟ್ಟಿಹಳ್ಳಕ್ಕೂ ಅಣೆಕಟ್ಟು ಕಟ್ಟಿ ಅದರ ನೀರನ್ನು ಬೊಮ್ಮನಹಳ್ಳಿಗೆ ತಿರುಗಿಸಿರುವರು. ಆದರೆ ಕಡಮೆ ಮಳೆಯ ನಾಡು ಇದು. ಒಂದು ವರ್ಷ ಮುಂಗಾರು ಮುನಿದರೆ ಕೆರೆಗಳು ಬೇಗನೆ ತಳ ಕಾಣುವುವು. ಆದುದರಿಂದಲೇ ಕಾಳಿಯ ನೀರನ್ನು ಮೇಲೆತ್ತಿ ತಮ್ಮ ಕೆರೆಗಳಿಗೆ ತುಂಬಿಸಬೇಕೆಂದು ಹಳಿಯಾಳದ ರೈತರು ಒತ್ತಾಯಿಸಿದುದು. ನೆರೆಯ ತಾಲೂಕಿನ ಕಾಡು ತಮ್ಮ ಗದ್ದೆಗೆ ಏನಾಗಬೇಕೆಂಬುದು ಅವರಿಗೆ ಪಾಠ ಹೇಳಿ ತಿಳಿಯಬೇಕಾದುದಲ್ಲ.

ಇನ್ನೂ ಮುಂದೆ ಮುಂಡಗೋಡ. ಇಲ್ಲಿಯ ಭೂಮಿಯ ಏರಿಳಿತಗಳಲ್ಲಿ ಒಂದು ಸ್ವಾರಸ್ಯವಿದೆ. ತಾಲೂಕಿನ ಒಂದು ಪಕ್ಕದಲ್ಲಿ ಬಿದ್ದ ಮಳೆ ಬೇಡ್ತಿ ಹೊಳೆಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಪಕ್ಕದ ಮಳೆ ಧರ್ಮಾ ನದಿಯ ಪಾಲು. ಧರ್ಮಾ ವರದೆಯನ್ನೂ, ವರದೆ ತುಂಗಭದ್ರೆಯನ್ನೂ, ತುಂಗಭದ್ರೆ ಕೃಷ್ಣೆಯನ್ನೂ ಕೂಡಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ. ಒಂದೇ ದಿಣ್ಣೆಯ ಮೇಲೆ ಅಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳು ದೇಶದ ಎರಡು ಕಡಲುಗಳಿಗೆ ಅಗಲಿ ಹೋಗಬಹುದು!

ಮಳಗಿಯ ಬಳಿ ಧರ್ಮಾ ನದಿಗೆ ಕಟ್ಟಿರುವ ಜಲಾಶಯವು ಹಾನಗಲ್ ತಾಲೂಕಿನ ಗದ್ದೆಗಳಿಗೆ ನೀರು ಕೊಡುತ್ತದೆ. ಅತ್ತಿವೇರಿಯ ಸಣ್ಣ ಜಲಾಶಯವು ಬೆಳ್ಳಕ್ಕಿ, ಕೆಂಬರಲು, ಚಮಚಕೊಕ್ಕುಗಳ ತವರಾಗಿ ಪಕ್ಷಿಧಾಮವೆನಿಸಿದೆ. ೧೯೬೬ರಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೇಟಿನವರಿಗೆ ಅಂದಿನ ಮೈಸೂರು ಸರಕಾರ ಮುಂಡಗೋಡದಲ್ಲಿ ಸುಮಾರು ನಾಲ್ಕು ಸಾವಿರ ಎಕರೆ ಕಾಡುಭೂಮಿಯನ್ನು ನೀಡಿತು. ಹಿಮದ ನಾಡಿನವರು ಮಲೆನಾಡ ಸೆರಗಿನಲ್ಲಿ ಮುಸುಕಿನಜೋಳ ಬಿತ್ತುವುದನ್ನು ಕಲಿತರು. ಮನುಷ್ಯನಿಗೆ ನೆಲೆ ಬೇಕು, ಅನ್ನ ಬೇಕು. ಅದಕ್ಕಾಗಿ ಕಾಡು ತೆರವಾದುದನ್ನು ತಪ್ಪೆನ್ನಲಾಗದು. ಆದರೆ ತೆರವಾದ ನೆಲದಲ್ಲಿ ಕಾಡು ಮಾಡುತ್ತಿದ್ದ ಕೆಲಸವನ್ನು ಇನ್ನಾರಾದರೂ ಮಾಡಲೇಬೇಕು. ಬದು ಹಾಕಬೇಕು, ಹಳ್ಳದ ಅಂಚಿನ ಮರಗಳನ್ನು ಉಳಿಸಬೇಕು, ಕೆರೆಯ ಮೇಲಣ ಗುಡ್ಡವನ್ನು ಹಸುರಾಗಿಡಬೇಕು. ಇಲ್ಲದಿದ್ದರೆ ಮುಂಡಗೋಡದ ಹೊಲದ ಮಣ್ಣು ಮೊದಲು ಧರ್ಮೆಯನ್ನು ತುಂಬಿ, ಮುಂದೆ ಎಂದಾದರೊಂದು ದಿನ ಹೊಸಪೇಟೆಯ ಜಲಾಶಯದ ತಳವನ್ನೂ ಸೇರುವುದು. ತುಂಗಭದ್ರೆಯ ಹೂಳಿನ ಲೆಕ್ಕದಲ್ಲಿ ಮುಂಡಗೋಡಕ್ಕೂ ಒಂದು ಸಣ್ಣ ಪಾಲುಂಟು.

ಕಾವಲುಗಾರನ ಕೂಲಿ

ಕಾಳಿಯ ಕೆಳಗಿನ ದಂಡೆಯವರು ಇನ್ನೊಂದು ಪಾಠವನ್ನು ಕಲಿತಿರುವರು. ಕೊಡಸಳ್ಳಿ, ಕದ್ರಾಗಳು ಸೂಪಾದ ಮುಂದೆ ತೀರ ಚಿಕ್ಕ ಜಲಾಶಯಗಳು. ಘಟ್ಟದ ಕಡಿದಾದ ಇಳಿಜಾರಿನ ಮಳೆಯೆಲ್ಲ ನೇರವಾಗಿ ಅವುಗಳಿಗೆ ಬಂದು ಬೀಳುತ್ತದೆ. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಮಳೆ ಮಿತಿಮೀರಿದಾಗ ಕದ್ರಾದ ಬಾಗಿಲುಗಳನ್ನು ತೆರೆಯಬೇಕಾಯಿತು. ಕಾರವಾರದ ಹಳ್ಳಿಗಳೊಳಗೆ ಹೊಳೆ ನುಗ್ಗಿತು. ಅಂಥ ಮಹಾಮಳೆಯನ್ನು ಯಾವ ಕಾಡೂ ಪೂರ್ತಿಯಾಗಿ ತಡೆಯಲಾರದೆಂಬುದು ನಿಜ. ಆದರೆ ಬೆಟ್ಟ ಬೋಳಾದರೆ ಸಾಧಾರಣ ಮಳೆಯೂ ಮಹಾಮಳೆಯಂತೆ ವರ್ತಿಸತೊಡಗುವುದು.

ಹೀಗಿರುವಾಗ, ಈ ಜಲಾನಯನವನ್ನು ಕಾಯುತ್ತಿರುವವರು ಯಾರು? ಅರಣ್ಯ ಇಲಾಖೆಯವರು ಸರಿಯೆ. ಅವರಷ್ಟೇ ಅಲ್ಲ, ಜೋಯಿಡಾದ ಕುಣಬಿಗಳು, ಗೌಳಿಗರು, ಹಳಿಯಾಳದ ಸಿದ್ದಿಗಳು, ಕಾಡಿನ ನಡುವೆ ಹತ್ತಾರು ಮನೆಗಳ ಊರುಗಳಲ್ಲಿ ಬಾಳುವ ಬಡ ಸಂಸಾರಗಳು. ಕಾಳಿಯ ವಿದ್ಯುತ್ತು ತಂತಿಯ ಮೇಲೆ ನೂರಾರು ಕಿಲೋಮೀಟರ್ ದೂರದ ನಗರಗಳಿಗೆ ಓಡುತ್ತಿದ್ದಾಗ, ಹೊಳೆಯ ತಲೆಯಲ್ಲಿರುವ ಎಷ್ಟೋ ಮನೆಗಳಲ್ಲಿ ಬಹುಕಾಲ ಚಿಮಣಿಯ ಬುಡ್ಡಿಯೇ ಉರಿಯುತ್ತಿತ್ತು. ಮಳೆಗಾಲದಲ್ಲಿ ಹಳ್ಳ ಏರಿದರೆ ರೋಗಿಯನ್ನು ಹೊತ್ತು ದಾಟಿಸಬೇಕಾದ ಊರುಗಳು ಅಲ್ಲಿವೆ. ಕಾಡು ಕಾಯುವ ಕಟ್ಟಳೆಗಳ ಭಾರ ಅವರ ಮೇಲೆ. ಕಾಡು ಕೊಡುವ ನೀರಿನ ಲಾಭ ಇತರರಿಗೆ. ಇದು ಬಹಳ ದಿನ ನಡೆಯುವ ವ್ಯವಹಾರವಲ್ಲ.

ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರಿನ ಬಹುಪಾಲು ಬರುವುದು ದೂರದ ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಡೆಯ ಜಲಾಶಯಗಳಿಂದ. ಆ ನೀರು ಕೆಡುವ ಭಯ ಹುಟ್ಟಿದಾಗ ನಗರಾಡಳಿತದ ಮುಂದೆ ಎರಡು ದಾರಿಗಳಿದ್ದವು: ಅಪಾರ ಹಣ ಸುರಿದು ಭಾರಿ ಶೋಧಕ ಕಾರ್ಖಾನೆಯನ್ನು ಕಟ್ಟುವುದು, ಇಲ್ಲವೆ ಜಲಾನಯನವನ್ನೇ ಚೆನ್ನಾಗಿಡುವುದು. ಅವರು ೧೯೯೭ರಲ್ಲಿ ಬೆಟ್ಟದ ಊರುಗಳೊಡನೆ ಒಪ್ಪಂದ ಮಾಡಿಕೊಂಡರು. ಅಲ್ಲಿಯ ರೈತರ ಹೊಲ, ಕೊಟ್ಟಿಗೆ, ಚರಂಡಿಗಳ ಸುಧಾರಣೆಗೆ ನಗರವೇ ಹಣ ಕೊಟ್ಟಿತು. ಕಾರ್ಖಾನೆಗಿಂತ ಅದು ಅಗ್ಗವಾಯಿತು. ನೀರು ಬೇಕಾದವರು ನೀರು ಕಾಯುವವರಿಗೆ ಕೂಲಿ ಕೊಡಬೇಕೆಂಬ ಸಾಮಾನ್ಯ ನ್ಯಾಯವನ್ನು ವ್ಯಾಪಾರ ಬಲ್ಲ ಆ ನಗರ ಅರಿತುಕೊಂಡಿತು.

ಕಾಳಿಯ ಲೆಕ್ಕವೂ ಹಾಗೆಯೇ ಇರಬೇಕಲ್ಲವೆ? ವಿದ್ಯುತ್ತಿನ ಬಿಲ್ಲಿನಲ್ಲಿ ಯಂತ್ರಕ್ಕೆ, ತಂತಿಗೆ, ಕಂಬಕ್ಕೆ ಬೆಲೆ ಕಟ್ಟಿರುವರು. ದರಕಿನ ಹಾಸಿಗೆಗೆ ಬೆಲೆ ಕಟ್ಟಿದವರಿಲ್ಲ. ಹೊಳೆಯ ತಲೆಯಲ್ಲಿರುವ ಊರಿಗೊಂದು ಸೇತುವೆ, ಒಂದು ಶಾಲೆ, ಒಬ್ಬ ವೈದ್ಯ, ಕಾಡು ಕಡಿಯದೆ ಬದುಕಲು ಒಂದು ದಾರಿ. ಇವಿಷ್ಟನ್ನು ಒದಗಿಸುವುದು ದಾನವಲ್ಲ, ಬಾಕ���ಯ ತೀರುವಳಿ.

ಅಕ್ಟೋಬರಿನಲ್ಲಿ ಮಳೆ ಹಿಂದೆಗೆದ ಮೇಲೆ ಗಣೇಶಗುಡಿಗೆ ಮತ್ತೆ ಹೋದರೆ ಕೆಂಪು ಪಟ್ಟಿಯ ಬಹುಭಾಗ ಮುಚ್ಚಿರುತ್ತದೆ. ಆಕಾಶ ತಿಳಿಯಾಗಿ, ನೀರು ಹಸುರಾಗಿ, ಬೆಟ್ಟದ ನೆರಳನ್ನು ಹೊತ್ತು ನಿಂತಿರುತ್ತದೆ. ಜನರು ಅಣೆಕಟ್ಟಿನ ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ಅವರು ಬೆನ್ನು ಹಾಕಿದ ಕಡೆ, ಕಾಡಿನ ಒಳಗೆ, ಸಣ್ಣ ಸಣ್ಣ ಹಳ್ಳಗಳು ಆಗಲೂ ಹರಿಯುತ್ತಲೇ ಇರುತ್ತವೆ. ಮಾಘಮಾಸದಲ್ಲಿ ಉಳವಿಯ ಬಂಡಿಗಳು ಬರುವಾಗಲೂ ಅವು ಹರಿಯುತ್ತಿದ್ದರೆ ಜಲಾಶಯ ಕ್ಷೇಮವೆಂದು ತಿಳಿಯಬಹುದು. ಎತ್ತುಗಳು ಬಾಯಿಟ್ಟಲ್ಲಿ ಮರಳು ಸಿಕ್ಕ ದಿನ, ಗೋಡೆ ಎಷ್ಟೇ ಎತ್ತರವಾಗಿದ್ದರೂ ನಾಡು ಚಿಂತಿಸಬೇಕು.